ಬೆಕ್ಕು ಇಲಿ ನೆನಪಿದೆ, ಬರೆದವರ ಹೆಸರು?

ಪುಣೆಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಮೊದಲು ಬರುವ ಮಾತು ಮನೆ ಬಾಡಿಗೆ, ಎರಡನೆಯದು ಹಬ್ಬಕ್ಕೆ ಊರಿಗೆ ಹೋಗುವ ಬಸ್ಸಿನ ದರ, ಮೂರನೆಯದು ಬಾಲ್ಯ. ಬಾಲ್ಯ ಅಂದಮೇಲೆ ಕಾರ್ಟೂನ್ ಬರಲೇಬೇಕು. ‘ಟಾಮ್ ಆಂಡ್ ಜೆರಿ ಕಾಲ ಮತ್ತೆ ಬರಲ್ಲ ಬಿಡ್ರೀ’ ಎಂದು ಒಬ್ಬರು ನಿಟ್ಟುಸಿರು ಬಿಡುತ್ತಾರೆ. ಉಳಿದವರು ತಲೆಯಾಡಿಸುತ್ತಾರೆ. ಈಗಿನ ಮಕ್ಕಳು ನೋಡುವುದೆಲ್ಲ ಕಸ ಎಂಬ ತೀರ್ಪಿಗೆ ಎಲ್ಲರ ಸಹಿ ಬೀಳುತ್ತದೆ. ಅಲ್ಲಿಗೆ ಕಾಫಿ ಮುಗಿಯುತ್ತದೆ, ಸಭೆಯೂ ಮುಗಿಯುತ್ತದೆ.

ನನ್ನ ತಕರಾರು ಆ ಕಾರ್ಟೂನುಗಳ ಮೇಲಲ್ಲ, ಈ ನಿಟ್ಟುಸಿರಿನ ಮೇಲೆ. ಬೆಕ್ಕಿನ ಮೀಸೆ, ಇಲಿಯ ಬಿಲ, ಬಾಣಲೆಯ ಪೆಟ್ಟಿಗೆ ಚಪ್ಪಟೆಯಾದ ಮುಖ, ಎಲ್ಲ ನಮಗೆ ಬಾಯಿಪಾಠ. ಅದನ್ನು ಬರೆದ ಒಬ್ಬ ಮನುಷ್ಯನ ಹೆಸರು ಹೇಳಿ ಎಂದರೆ ಗುಂಪು ಮೌನ. ಹಳೆಯ ಸಿನಿಮಾ ಹಾಡು ನೆನೆದರೆ ಕವಿ ಯಾರು, ಗಾಯಕ ಯಾರು, ರಾಗ ಯಾವುದು ಎಂದು ಜಗಳಕ್ಕೇ ನಿಲ್ಲುವ ಜನ ನಾವು. ಕಾರ್ಟೂನಿನ ವಿಷಯಕ್ಕೆ ಬಂದರೆ ಅದು ತಾನಾಗಿ ಭೂಮಿಯಿಂದ ಚಿಮ್ಮಿದ್ದು ಎಂಬಂತೆ ಮಾತಾಡುತ್ತೇವೆ. ಮಾಡಿದವರ ನೆನಪಿಲ್ಲದ ನೆನಪು ಗಿರಾಕಿಯ ನೆನಪು. ಅಂಗಡಿಯಲ್ಲಿ ತಿಂದ ಮಿಠಾಯಿಯ ನೆನಪಿಗೂ ಅದಕ್ಕೂ ಏನೂ ವ್ಯತ್ಯಾಸವಿಲ್ಲ.

ನಾವು ಇರುವ ಜಾಗದಿಂದಲೇ ಶುರುಮಾಡೋಣ. ಪುಣೆ ಕ್ಯಾಂಪಿನ ಎಂ.ಜಿ. ರಸ್ತೆ, ಈಸ್ಟ್ ಸ್ಟ್ರೀಟ್ ನಮ್ಮ ಭಾನುವಾರದ ಸಂಜೆಗಳ ಜಾಗ. ಕಯಾನಿ ಬೇಕರಿಯ ಮುಂದೆ ಸಾಲು ನಿಂತವರಲ್ಲಿ ಕನ್ನಡ ಕಿವಿಗೆ ಬೀಳದ ವಾರವಿಲ್ಲ. ಬೆಂಗಳೂರಿನ ದಂಡು ಪ್ರದೇಶಕ್ಕೂ ಇಲ್ಲಿನ ಕ್ಯಾಂಪಿಗೂ ಅಣ್ಣ ತಮ್ಮಂದಿರ ಹೋಲಿಕೆ: ಎರಡೂ ಬ್ರಿಟಿಷ್ ಸೈನ್ಯಕ್ಕಾಗಿ ಹುಟ್ಟಿದವು, ಎರಡರಲ್ಲೂ ಒಂದು ಎಂ.ಜಿ. ರಸ್ತೆ, ಎರಡರಲ್ಲೂ ಇಂಗ್ಲಿಷ್ ಚಿತ್ರಗಳ ಥಿಯೇಟರುಗಳು. ಅಲ್ಲಿ ಪ್ಲಾಜಾ, ರೆಕ್ಸ್ ಇದ್ದವು. ಇಲ್ಲಿ ವೆಸ್ಟ್ ಎಂಡ್, ಕ್ಯಾಪಿಟಲ್. ಈ ಕ್ಯಾಪಿಟಲ್ ಥಿಯೇಟರಿನಲ್ಲೇ 1943ರ ಜನವರಿಯಲ್ಲಿ, ಕ್ವಿಟ್ ಇಂಡಿಯಾ ಚಳವಳಿಯ ಕಾಲಕ್ಕೆ, ಬ್ರಿಟಿಷ್ ಸೈನಿಕರು ಸಿನಿಮಾ ನೋಡುತ್ತಿದ್ದಾಗ ಕ್ರಾಂತಿಕಾರಿಗಳು ಬಾಂಬ್ ಸಿಡಿಸಿದ್ದು. ಆಮೇಲೆ ಅದೇ ಥಿಯೇಟರಿಗೆ ವಿಕ್ಟರಿ ಎಂದು ಹೆಸರಾಯಿತು.

ಇಂಥ ಥಿಯೇಟರುಗಳಲ್ಲೇ ಕಾರ್ಟೂನಿನ ನಿಜವಾದ ವಾಸ. ಟಾಮ್ ಆಂಡ್ ಜೆರಿ ಟೀವಿಗಾಗಿ ಹುಟ್ಟಿದ್ದಲ್ಲ, ಮಕ್ಕಳಿಗಾಗಿಯಷ್ಟೇ ಹುಟ್ಟಿದ್ದೂ ಅಲ್ಲ. ದೊಡ್ಡ ಚಿತ್ರ ಶುರುವಾಗುವ ಮುನ್ನ ದೊಡ್ಡವರೂ ಚಿಕ್ಕವರೂ ಕತ್ತಲಲ್ಲಿ ಒಟ್ಟಿಗೆ ಕೂತು ನೋಡುವ ಏಳೆಂಟು ನಿಮಿಷದ ಚಿತ್ರ ಅದು. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದ ಮೇಲೆ ಅದನ್ನು ನೋಡಿದ ನಾವು, ಐವತ್ತು ವರ್ಷ ಹಳೆಯ ಥಿಯೇಟರ್ ಚಿತ್ರವನ್ನು ‘ನೈಂಟೀಸ್ ಕಿಡ್ಸ್’ ಆಸ್ತಿ ಎಂದು ಖಾತೆ ಮಾಡಿಸಿಕೊಂಡಿದ್ದೇವೆ.

ಈಗ ಲೆಕ್ಕ ಹಾಕಿ. ಸೆಕೆಂಡಿಗೆ 24 ಫ್ರೇಮು. ಒಂದು ಚಿತ್ರವನ್ನು ಎರಡು ಫ್ರೇಮಿಗೆ ಬಳಸಿದರೂ ಸೆಕೆಂಡಿಗೆ 12 ಚಿತ್ರ. ಏಳು ನಿಮಿಷಕ್ಕೆ 5,040. ಅದೂ ಪರದೆಯ ಮೇಲೆ ಬೆಕ್ಕು ಒಂದೇ ಇದ್ದರೆ. ಇಲಿ ಬಂತೆಂದರೆ ಇನ್ನಷ್ಟು, ನಾಯಿ ಬಂತೆಂದರೆ ಮತ್ತಷ್ಟು. ಪೆನ್ಸಿಲಿನಲ್ಲಿ ಬರೆದ ಒಂದೊಂದನ್ನೂ ಸೆಲ್ಯುಲಾಯ್ಡ್ ಹಾಳೆಯ ಮೇಲೆ ಶಾಯಿಯಲ್ಲಿ ತಿದ್ದಿ, ಹಿಂಬದಿಯಿಂದ ಬಣ್ಣ ತುಂಬಬೇಕು. ಹಾಲಿವುಡ್ಡಿನ ಸ್ಟುಡಿಯೋಗಳಲ್ಲಿ ಈ ಕೆಲಸ ಮಾಡಿದವರು ಹೆಚ್ಚಾಗಿ ಹೆಣ್ಣುಮಕ್ಕಳು. ಪರದೆಯ ಮೇಲೆ ಅವರ ಹೆಸರು ಹುಡುಕಿದರೆ ಸಿಗುವುದಿಲ್ಲ.

ಟಾಮ್ ಆಂಡ್ ಜೆರಿ ಶುರುಮಾಡಿದವರು ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ. 1940ರಲ್ಲಿ ಮೊದಲ ಚಿತ್ರ. ಬಾರ್ಬೆರಾ ಕಥೆಯನ್ನು ಚಿತ್ರಗಳಲ್ಲಿ ಕಟ್ಟುವವರು, ಹ್ಯಾನಾ ಕಾಲದ ಲೆಕ್ಕ ಹಿಡಿಯುವವರು. ಬಾಗಿಲಿಗೆ ಬಾಲ ಸಿಕ್ಕಿದಾಗ ಟಾಮ್ ಅರಚುವ ಆ ಅರಚು ಇದೆಯಲ್ಲ, ಅದು ಹ್ಯಾನಾ ಅವರದೇ ಗಂಟಲು. ಬೆಕ್ಕಿನ ಒಂದೊಂದು ಹೆಜ್ಜೆಗೂ ಆರ್ಕೆಸ್ಟ್ರಾ ಹೊಂದಿಸಿದವರು ಸ್ಕಾಟ್ ಬ್ರಾಡ್ಲಿ. ಚಲನೆ ಬರೆದವರಲ್ಲಿ ಕೆನೆತ್ ಮ್ಯೂಸ್, ಇರ್ವಿನ್ ಸ್ಪೆನ್ಸ್, ಎಡ್ ಬಾರ್ಜ್, ರೇ ಪ್ಯಾಟರ್ಸನ್ ಮುಖ್ಯರು. 1943ರಿಂದ 1953ರ ನಡುವೆ ಬಂದ ಏಳು ಚಿತ್ರಗಳಿಗೆ ಆಸ್ಕರ್ ಬಂತು. ಏಳೂ ಬಾರಿ ಪ್ರತಿಮೆ ಸೇರಿದ್ದು ನಿರ್ಮಾಪಕ ಫ್ರೆಡ್ ಕ್ವಿಂಬಿ ಕೈಗೆ. ನಮ್ಮೂರ ಸನ್ಮಾನ ಸಮಾರಂಭಗಳನ್ನು ನೋಡಿದವರಿಗೆ ಇದು ಹೊಸತಲ್ಲ. ಚಪ್ಪರ ಹಾಕಿದವ ಕಂಬದ ಹಿಂದೆ, ಶಾಲು ಹೊದ್ದವ ವೇದಿಕೆಯ ಮೇಲೆ.

ಆಮೇಲೆ ನಡೆದದ್ದನ್ನು ನಮ್ಮ ನಿಟ್ಟುಸಿರಿನ ಬಳಗ ಗಮನವಿಟ್ಟು ಕೇಳಬೇಕು. 1957ರಲ್ಲಿ ಎಂ.ಜಿ.ಎಂ. ತನ್ನ ಕಾರ್ಟೂನ್ ವಿಭಾಗವನ್ನೇ ಮುಚ್ಚಿತು. ಜನ ಬೇಸತ್ತರು ಎಂದಲ್ಲ. ಹಳೆಯ ಕಾರ್ಟೂನುಗಳನ್ನೇ ಮತ್ತೆ ಬಿಡುಗಡೆ ಮಾಡಿದರೆ ಹೆಚ್ಚುಕಮ್ಮಿ ಹೊಸದರಷ್ಟೇ ದುಡ್ಡು ಬರುತ್ತದೆ, ಹೊಸದನ್ನು ಮಾಡಿಸುವ ಖರ್ಚು ಯಾಕೆ ಎಂಬುದು ಲೆಕ್ಕಪತ್ರದವರ ತರ್ಕವಾಗಿತ್ತು. ಅಂದರೆ ಪ್ರೇಕ್ಷಕರಿಗೆ ಹಳೆಯದರ ಮೇಲಿದ್ದ ಪ್ರೀತಿಯನ್ನೇ ಕತ್ತಿ ಮಾಡಿಕೊಂಡು, ಅದನ್ನು ಮಾಡಿದವರ ಹೊಟ್ಟೆಯ ಮೇಲೆ ಬೀಸಲಾಯಿತು. ಹೆಸರಿಲ್ಲದ ಹಳಹಳಿಕೆಗೆ ಯಾವ ಅಪಾಯವೂ ಇಲ್ಲ ಎನ್ನುವವರಿಗೆ ನನ್ನ ಮೊದಲ ಉತ್ತರ ಇದು. ಅಪಾಯ ಇದೆ. ನಾವು ‘ಹಳೆಯದೇ ಚೆಂದ’ ಎಂದಷ್ಟೇ ಹೇಳಿ ಸುಮ್ಮನಾದಾಗ, ಹಕ್ಕುಪತ್ರ ಇಟ್ಟುಕೊಂಡ ಕಂಪನಿಗೆ ಬಿಟ್ಟಿ ಜಾಹೀರಾತು ಆಗುತ್ತದೆ, ಹೊಸದನ್ನು ಮಾಡುವ ಕೈಗೆ ಕೆಲಸ ಹೋಗುತ್ತದೆ.

ಡಿಸ್ನಿಯ ಕಥೆಯೂ ಬೇರೆಯಲ್ಲ. 1941ರ ಮೇ ತಿಂಗಳಲ್ಲಿ ಆ ಸ್ಟುಡಿಯೋದ ಕಲಾವಿದರು ಮುಷ್ಕರ ಹೂಡಿದರು. ಸಂಘ ಕಟ್ಟಿದ ಆರ್ಟ್ ಬ್ಯಾಬಿಟ್ ಎಂಬ ಹೆಸರಾಂತ ಕಲಾವಿದನನ್ನು ಕೆಲಸದಿಂದ ತೆಗೆದದ್ದು ಕಿಡಿ ಹಚ್ಚಿತು. ಸಂಬಳದ ತಾರತಮ್ಯದ ಜತೆಗೆ, ಪರದೆಯ ಮೇಲೆ ತಮ್ಮ ಹೆಸರು ಬರುವುದಿಲ್ಲ ಎಂಬುದೂ ಅವರ ದೂರಾಗಿತ್ತು. ನಾವು ಹೇಳುವ ಸುವರ್ಣಯುಗ ಇದೇ. ಚಿನ್ನ ಯಾರ ಪಾಲಿಗೆ ಎಂದು ಕೇಳದೆ ಸುವರ್ಣ ಎನ್ನುವುದು ಸುಲಭ.

ಇಲ್ಲಿ ಗೆಳೆಯರು ಒಂದು ಆಕ್ಷೇಪ ಎತ್ತುತ್ತಾರೆ: ‘ಅಯ್ಯೋ, ನಗೋದಕ್ಕೂ ಪರೀಕ್ಷೆ ಬರೀಬೇಕಾ? ಮಗು ನಕ್ಕರೆ ಸಾಕಲ್ವಾ?’ ಮಗುವಿಗೆ ಸಾಕು. ಮಗು ಹೆಸರು ಕೇಳಬೇಕಿಲ್ಲ. ಆದರೆ ನಿಟ್ಟುಸಿರು ಬಿಡುತ್ತಿರುವ ನಿಮಗೆ ಈಗ ಮೂವತ್ತೈದು. ಹಿಂಜವಡಿಯಲ್ಲೋ ಖರಾಡಿಯಲ್ಲೋ ಕೂತು, ಯಾವುದೋ ದೇಶದ ಬ್ಯಾಂಕಿಗೆ ತಂತ್ರಾಂಶ ಬರೆಯುತ್ತೀರಿ. ಆ ಬ್ಯಾಂಕಿನ ಗ್ರಾಹಕರಿಗೆ ನಿಮ್ಮ ಹೆಸರು ಗೊತ್ತಿಲ್ಲ. ಪ್ರಾಜೆಕ್ಟು ಮುಗಿದ ದಿನ ಕೇಕಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡವರ ಸಾಲಿನಲ್ಲಿ ನೀವು ಇದ್ದಿರಾ? ನಿಮ್ಮ ಕೆಲಸವನ್ನು ‘ಟೀಮ್’ ಎಂಬ ಒಂದು ಪದದಲ್ಲಿ ಮುಗಿಸಿದಾಗ ನೀವೇ ಮನೆಗೆ ಬಂದು ಗೊಣಗಿದ್ದು ಸುಳ್ಳೇ? ಕಾರ್ಟೂನ್ ಬರೆದವರದೂ ಅದೇ ಗೊಣಗು. ನಮಗಾದರೆ ಅನ್ಯಾಯ, ಅವರಿಗಾದರೆ ಮನರಂಜನೆ ಎಂಬುದು ಯಾವ ನ್ಯಾಯ?

ವಿದೇಶದ ಹೆಸರುಗಳನ್ನು ಬಿಡಿ, ನಮ್ಮವರ ವಿಷಯಕ್ಕೆ ಬರೋಣ. ನಮ್ಮ ಥಿಯೇಟರ್ ಕಾರ್ಟೂನ್ ಅಂದರೆ ಅಮೆರಿಕದ್ದು ಮಾತ್ರ ಎಂದು ಯಾರು ಹೇಳಿದರು? ಭಾರತದ ಪ್ರತಿ ಟಾಕೀಸಿನಲ್ಲೂ, ಪ್ರತಿ ಆಟದಲ್ಲೂ, ಸರ್ಕಾರ ಒಪ್ಪಿದ ಕಿರುಚಿತ್ರವನ್ನು ತೋರಿಸಲೇಬೇಕು ಎಂಬ ನಿಯಮ ದಶಕಗಳ ಕಾಲ ಇತ್ತು. 2,000 ಅಡಿ ರೀಲಿನವರೆಗೆ, ಅಂದರೆ ಸುಮಾರು ಇಪ್ಪತ್ತು ನಿಮಿಷ. ಆ ಚಿತ್ರಗಳನ್ನು ಮಾಡುತ್ತಿದ್ದದ್ದು 1948ರಲ್ಲಿ ಶುರುವಾದ ಮುಂಬೈಯ ಫಿಲ್ಮ್ಸ್ ಡಿವಿಜನ್. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ವಿವರಣೆಯ ದನಿ ಇರುತ್ತಿತ್ತು. ಹುಬ್ಬಳ್ಳಿ, ಹಾಸನ, ಕಾರ್ಕಳದ ಟಾಕೀಸುಗಳಲ್ಲಿ ನಮ್ಮ ಅಪ್ಪಂದಿರು ಅದನ್ನು ನೋಡಿದರು. ಅಥವಾ ಅದು ಬಂದಾಗ ಬೀಡಿ ಸೇದಲು ಹೊರಗೆ ಹೋದರು.

ಹೊರಗೆ ಹೋದವರು ಕಳೆದುಕೊಂಡದ್ದು ಏನು ಗೊತ್ತೇ? ಫಿಲ್ಮ್ಸ್ ಡಿವಿಜನ್ 1956ರ ಹೊತ್ತಿಗೆ ಒಂದು ಕಾರ್ಟೂನ್ ಘಟಕ ಕಟ್ಟಿತು. ಡಿಸ್ನಿಯಲ್ಲಿ ದುಡಿದಿದ್ದ, ಭಾರತದಲ್ಲೇ ಹುಟ್ಟಿದ್ದ ಕ್ಲೇರ್ ವೀಕ್ಸ್ ಬಂದು ಇಲ್ಲಿನ ಹುಡುಗರಿಗೆ ಕಲಿಸಿದರು. 1957ರಲ್ಲಿ ‘ದ ಬನಿಯನ್ ಡಿಯರ್’ ಬಂತು. ಕಥೆ ಜಾತಕದ್ದು, ರೇಖೆಯ ಸ್ಫೂರ್ತಿ ಅಜಂತಾದ್ದು. ಆ ಘಟಕದಲ್ಲಿ ಜಿ.ಕೆ. ಗೋಖಲೆ ಇದ್ದರು, ರಾಮ್ ಮೋಹನ್ ಇದ್ದರು. ಚೆಕೊಸ್ಲೊವಾಕಿಯಾಕ್ಕೆ ಹೋಗಿ ಗೊಂಬೆ ಚಿತ್ರಗಳ ಮಾಂತ್ರಿಕ ಇರ್ಝಿ ತ್ರಂಕಾ ಬಳಿ ಕಲಿತು ಬಂದ ಪ್ರಮೋದ್ ಪತಿ ಇದ್ದರು. ಪತಿಯವರ ‘ಎಕ್ಸ್‌ಪ್ಲೋರರ್’ 1968ರದ್ದು. ಇಂದು ನೋಡಿದರೂ ಸರ್ಕಾರಿ ದುಡ್ಡಿನಲ್ಲಿ ಇಂಥದ್ದೊಂದು ತಯಾರಾಯಿತೇ ಎಂದು ಬೆರಗಾಗುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಗಾದೆಯಾಗಿ ಮಾತ್ರ ಉಳಿಸಿಕೊಂಡಿಲ್ಲ, ಆಚರಣೆ ಮಾಡಿದ್ದೇವೆ.

1974ರ ‘ಏಕ್ ಅನೇಕ್ ಔರ್ ಏಕ್ತಾ’ ನೋಡಿ. ದೂರದರ್ಶನದಲ್ಲಿ ಅದನ್ನು ನೋಡಿ ಬೆಳೆದ ಕನ್ನಡಿಗರು ಹಿಂದಿ ಬಾರದಿದ್ದರೂ ಅದರ ಹಾಡು ಗುನುಗುತ್ತಾರೆ. ಅದನ್ನು ನಿರ್ದೇಶಿಸಿದವರು ವಿಜಯಾ ಮುಳೆ, ಅದಕ್ಕೆ ಚಲನೆ ಕೊಟ್ಟವರು ಭೀಮ್‌ಸೇನ್. ಈ ಎರಡು ಹೆಸರು ಕೇಳಿದರೆ ನಮ್ಮ ಗುಂಪಿನಲ್ಲಿ ಎಷ್ಟು ಕೈ ಮೇಲೇಳುತ್ತವೆ?

ಇದಕ್ಕೆ ಪಕ್ಕದಲ್ಲಿ ಆರ್.ಕೆ. ಲಕ್ಷ್ಮಣ್ ಅವರನ್ನು ಇಟ್ಟು ನೋಡಿ. ಮೈಸೂರಿನ ಹುಡುಗ, ಮಹಾರಾಜಾ ಕಾಲೇಜಿನ ವಿದ್ಯಾರ್ಥಿ. ರಾಶಿಯವರು, ಅಂದರೆ ಡಾ. ಎಂ. ಶಿವರಾಂ, 1942ರಲ್ಲಿ ಶುರುಮಾಡಿದ ‘ಕೊರವಂಜಿ’ಗೆ ಚಿತ್ರ ಬರೆದವರು. ಆಮೇಲೆ ಮುಂಬೈ, ಕೊನೆಯ ವರ್ಷಗಳಲ್ಲಿ ಪುಣೆ. 2015ರ ಜನವರಿ 26ರಂದು ಇಲ್ಲೇ ತೀರಿಕೊಂಡರು. ಸಿಂಬಯಾಸಿಸ್ ಆವರಣದಲ್ಲಿ ಅವರ ಶ್ರೀಸಾಮಾನ್ಯನ ಪ್ರತಿಮೆ ಇದೆ, ಬಾಲೇವಾಡಿಯಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯ ಇದೆ. ಊರಿನಿಂದ ಬಂದ ನೆಂಟರಿಗೆ ಹೆಮ್ಮೆಯಿಂದ ತೋರಿಸುತ್ತೇವೆ, ತೋರಿಸಲೇಬೇಕು. ಲಕ್ಷ್ಮಣ್ ದಿನಕ್ಕೊಂದು ಚಿತ್ರ ಬರೆದು ಕೆಳಗೆ ದಪ್ಪಗೆ ರುಜು ಹಾಕುತ್ತಿದ್ದರು. ಸೆಕೆಂಡಿಗೆ ಹನ್ನೆರಡು ಬೇಕಾದ ಕಡೆ ಬರೆದವರಿಗೆ ರುಜು ಹಾಕಲು ಮೂಲೆಯೇ ಇರಲಿಲ್ಲ. ವ್ಯತ್ಯಾಸ ಪ್ರತಿಭೆಯದ್ದಷ್ಟೇ ಅಲ್ಲ, ರುಜುವಿನದ್ದು. ಆ ರುಜುವನ್ನು ಈಗ ಹಾಕಬೇಕಾದವರು ನೋಡಿದ ನಾವು.

ಅದಕ್ಕೆ ಪುಣೆಗಿಂತ ಒಳ್ಳೆಯ ಊರು ಬೇರೆ ಇಲ್ಲ. ಕ್ಯಾಂಪಿನಿಂದ ಲಾ ಕಾಲೇಜ್ ರಸ್ತೆಗೆ ಆಟೋದಲ್ಲಿ ಅರ್ಧ ಗಂಟೆ. 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಅಲ್ಲೇ ಇದೆ. ಅದನ್ನು ಕಟ್ಟಿದ ಪಿ.ಕೆ. ನಾಯರ್ ಊರೂರು ಅಲೆದು ಡಬ್ಬಿ ಡಬ್ಬಿಯಾಗಿ ರೀಲು ಹೊತ್ತು ತಂದವರು. ಅದೇ ರಸ್ತೆಯಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್. ಅದು ನಿಂತಿರುವುದು ಹಳೆಯ ಪ್ರಭಾತ್ ಸ್ಟುಡಿಯೋ ಜಾಗದಲ್ಲಿ. 1930ರ ದಶಕದಲ್ಲಿ ಇದೇ ಪ್ರಭಾತ್ ಕಂಪನಿ ‘ಜಂಬೂ ಕಾಕಾ’ ಎಂಬ ನರಿಯ ಕಾರ್ಟೂನ್ ಮಾಡಿಸಿತ್ತು. ಮಾಡಿದವರು ರಘುನಾಥ ಕೇಳ್ಕರ್. ಅದಕ್ಕೂ ಮುಂಚೆ ದಾದಾಸಾಹೇಬ್ ಫಾಲ್ಕೆ ಬೆಂಕಿಕಡ್ಡಿಗಳನ್ನು ಕುಣಿಸಿ ಚಿತ್ರ ಮಾಡಿದ್ದರು. ಇಂಥದ್ದೆಲ್ಲ ಎಷ್ಟು ಸುಲಭವಾಗಿ ಮಾಯವಾಗುತ್ತದೆ ಎಂದು ತೋರಿಸಿದ್ದು 2003ರ ಜನವರಿ. ಹಳೆಯ ನೈಟ್ರೇಟ್ ರೀಲುಗಳಿದ್ದ ಉಗ್ರಾಣಕ್ಕೆ ಬೆಂಕಿ ಬಿದ್ದು ನೂರಾರು ಚಿತ್ರಗಳ ರೀಲುಗಳು ಬೂದಿಯಾದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

2022ರಲ್ಲಿ ಫಿಲ್ಮ್ಸ್ ಡಿವಿಜನ್ನನ್ನೂ ಈ ಸಂಗ್ರಹಾಲಯವನ್ನೂ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿಸಲಾಯಿತು. ಹಾಗಾಗಿ ಕೇಳಬೇಕಾದ ಬಾಗಿಲು ಈಗ ಒಂದೇ. ನಮ್ಮ ಬೇಡಿಕೆಯೂ ಒಂದೇ ಸಾಲಿನದು: ಫಿಲ್ಮ್ಸ್ ಡಿವಿಜನ್ನಿನ ಕಾರ್ಟೂನುಗಳ ಕನ್ನಡ ದನಿಯ ಪ್ರತಿಗಳ ಪಟ್ಟಿ ಪ್ರಕಟಿಸಿ, ಉಳಿದಿರುವುದನ್ನು ಎಲ್ಲರೂ ನೋಡುವಂತೆ ಬಿಡಿ. ಚಿತ್ರ ಉಳಿದು ಕನ್ನಡ ದನಿ ಅಳಿದರೆ ನಾಳೆಯ ಇತಿಹಾಸ, ಕನ್ನಡಿಗರು ಕಾರ್ಟೂನನ್ನು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಮಾತ್ರ ನೋಡಿದರು ಎಂದು ಬರೆಯುತ್ತದೆ. ನಮ್ಮ ಟಾಕೀಸುಗಳಲ್ಲಿ ಕನ್ನಡದಲ್ಲೇ ಮಾತಾಡಿದ ಆ ಗಂಟಲುಗಳಿಗೂ ಹೆಸರಿತ್ತು.

‘ಹಳೆಯದಕ್ಕೆ ಇಷ್ಟೆಲ್ಲ ರಾದ್ಧಾಂತ ಯಾಕೆ’ ಎನ್ನುವವರು ಕಳೆದ ಕೆಲವೇ ವರ್ಷಗಳ ಸುದ್ದಿ ನೋಡಲಿ. 2013ರಲ್ಲಿ ‘ಲೈಫ್ ಆಫ್ ಪೈ’ ಚಿತ್ರದ ಹುಲಿಗೆ ಜೀವ ಕೊಟ್ಟ ರಿದಮ್ ಆಂಡ್ ಹ್ಯೂಸ್ ಕಂಪನಿ ಆಸ್ಕರ್ ಗೆಲ್ಲುವ ಹನ್ನೊಂದು ದಿನ ಮುಂಚೆ ದಿವಾಳಿ ಅರ್ಜಿ ಹಾಕಿತ್ತು; ಅದಕ್ಕೆ ಮುಂಬೈ, ಹೈದರಾಬಾದಿನಲ್ಲೂ ಸ್ಟುಡಿಯೋಗಳಿದ್ದವು. 2024ರ ಡಿಸೆಂಬರಿನಲ್ಲಿ ‘ಮುಫಾಸಾ’ ಬಂತು. ನಮ್ಮ ಬಾಲ್ಯದ ಸಿಂಹ ಎಂದು ಇಲ್ಲಿನ ಎಷ್ಟೋ ಕನ್ನಡ ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿದವು. ಆ ಸಿಂಹದ ಕೂದಲು, ಕಣ್ಣು, ಹುಲ್ಲುಗಾವಲು ಮೂಡಿದ ಕಂಪ್ಯೂಟರುಗಳಲ್ಲಿ ಬೆಂಗಳೂರಿನ ಸ್ಟುಡಿಯೋದವೂ ಇದ್ದವು. ಸುಮಾರು ಎರಡು ತಿಂಗಳಲ್ಲೇ, 2025ರ ಫೆಬ್ರವರಿಯಲ್ಲಿ, ಆ ಸ್ಟುಡಿಯೋದ ಒಡೆತನ ಹೊಂದಿದ್ದ ಟೆಕ್ನಿಕಲರ್ ಸಮೂಹ ಕುಸಿಯಿತು. ಭಾರತದಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು, ಅದರಲ್ಲಿ ಹೆಚ್ಚಿನವರು ಬೆಂಗಳೂರಿನವರು. ಅವರಲ್ಲಿ ನಿಮ್ಮ ಕಾಲೇಜಿನ ಸ್ನೇಹಿತರೂ ಇದ್ದಿರಬಹುದು. ಹಳೆಯ ಸಿಂಹಕ್ಕೆ ನಿಟ್ಟುಸಿರು ಬಿಟ್ಟವರಲ್ಲಿ ಎಷ್ಟು ಜನ ಈ ಸುದ್ದಿಗೆ ಒಂದು ಸಾಲು ಬರೆದರು?

ಇನ್ನೂ ಒಂದು ಮಾತು. ಆ ಸಿಂಹ ಹಿಂದಿ, ತಮಿಳು, ತೆಲುಗು ಮಾತಾಡಿತು. ಬೆಂಗಳೂರಿನ ಕೈಗಳೂ ದುಡಿದ ಸಿಂಹ ಬೆಂಗಳೂರಿನ ಭಾಷೆ ಮಾತಾಡಲಿಲ್ಲ. ಮರುತಿಂಗಳೇ, ರಾಮ್ ಮೋಹನ್ ಜಪಾನಿನ ಯುಗೋ ಸಾಕೋ ಜತೆ ಸೇರಿ ಮಾಡಿದ್ದ ‘ರಾಮಾಯಣ: ದ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ಮತ್ತೆ ತೆರೆಗೆ ಬಂತು. ಅಲ್ಲೂ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು, ಕನ್ನಡ ಇಲ್ಲ. ಡಬ್ಬಿಂಗ್ ಬೇಡ ಎಂಬ ಕಟ್ಟುಪಾಡು ನಮ್ಮಲ್ಲಿ ಬಹಳ ಕಾಲ ಇತ್ತು, ಅದರ ಹಿಂದೆ ಇಲ್ಲಿನ ಕಲಾವಿದರ ಅನ್ನದ ಚಿಂತೆಯೂ ಇತ್ತು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ 2015ರ ಸ್ಪರ್ಧಾ ಆಯೋಗದ ಆದೇಶದ ನಂತರ ಆ ನೆಪ ಉಳಿದಿಲ್ಲ. ಕನ್ನಡಕ್ಕೆ ಮಾರುಕಟ್ಟೆ ಇಲ್ಲ ಎಂಬ ನೆಪವೂ 2025ರ ಜುಲೈನಲ್ಲಿ ಮುರಿದುಬಿತ್ತು: ಹೊಂಬಾಳೆಯವರು ಅರ್ಪಿಸಿದ ‘ಮಹಾವತಾರ ನರಸಿಂಹ’ ಎಂಬ ಅನಿಮೇಷನ್ ಚಿತ್ರ ಕನ್ನಡದಲ್ಲೂ ಬಂತು, ಜನ ಕಿಕ್ಕಿರಿದು ನೋಡಿದರು. ಆ ಚಿತ್ರ ಎಷ್ಟು ಚೆಂದ ಎಂಬುದು ಬೇರೆ ಚರ್ಚೆ. ಕೇಳಿದರೆ ಸಿಗುತ್ತದೆ, ಕೇಳದಿದ್ದರೆ ಇಲ್ಲ ಎಂಬುದಂತೂ ಗೊತ್ತಾಯಿತು.

ಈಗಿನದೆಲ್ಲ ಕಸ ಎಂಬ ತೀರ್ಪಿಗೂ ಇದೇ ಉತ್ತರ. ಇಂದಿನ ಕಾರ್ಟೂನಿನಲ್ಲಿ ಕಸ ಇದೆ, ಅಂದೂ ಇತ್ತು. ಅಂದಿನ ಕಸ ಮರೆತುಹೋಗಿದೆ, ಅಷ್ಟೇ. ಇಂದಿನ ಕೆಲಸಗಾರನಿಗೆ ಸಮಯ ಕೊಡದೆ, ಹೆಸರು ಕೊಡದೆ, ನಾಳೆ ಕೆಲಸ ಇರುತ್ತದೆಂಬ ಭರವಸೆ ಕೊಡದೆ, ‘ಅಂದಿನ ಹಾಗೆ ಯಾಕಿಲ್ಲ’ ಎಂದು ಕೇಳುವುದು ಬಾಡಿಗೆ ಕೊಡದವನು ಮನೆಗೆ ಸುಣ್ಣ ಹೊಡೆದಿಲ್ಲ ಎಂದು ದೂರಿದಂತೆ.

ಹಳಹಳಿಕೆ ಬಿಡಿ ಎಂದು ನಾನು ಹೇಳುವುದಿಲ್ಲ. ಊರು ಬಿಟ್ಟವರಿಗೆ ನೆನಪೇ ಅರ್ಧ ಆಸ್ತಿ. ಅದಕ್ಕೆ ಸ್ವಲ್ಪ ಕೆಲಸ ಕೊಡಿ ಎನ್ನುತ್ತೇನೆ. ಮುಂದಿನ ಸಲ ಮಗುವಿನ ಜತೆ ಕೂತು ಕಾರ್ಟೂನ್ ನೋಡುವಾಗ ಕೊನೆಯ ಹೆಸರುಗಳ ಪಟ್ಟಿ ಬಂದಾಗ ‘ಸ್ಕಿಪ್’ ಒತ್ತಬೇಡಿ. ಅದರಲ್ಲಿ ಭಾರತದ ಹೆಸರುಗಳು ಎಷ್ಟಿವೆ ಎಂದು ಎಣಿಸಿ, ಒಂದೆರಡನ್ನು ಗಟ್ಟಿಯಾಗಿ ಓದಿ. ಕನ್ನಡ ದನಿ ಇಲ್ಲದ ಚಿತ್ರ ಬಂದಾಗ ಹಂಚಿಕೆದಾರರಿಗೆ ಒಂದು ಮಿಂಚಂಚೆ ಹಾಕಿ. ನಮ್ಮ ಸಂಘಗಳು ವರ್ಷಕ್ಕೊಮ್ಮೆ ನಡೆಸುವ ಹಾಸ್ಯೋತ್ಸವದಲ್ಲಿ ಒಂದು ಗಂಟೆ ತೆಗೆದಿಟ್ಟು ಗೋಖಲೆ, ಪತಿ, ರಾಮ್ ಮೋಹನ್, ಭೀಮ್‌ಸೇನ್ ಇವರ ಚಿತ್ರಗಳನ್ನು ತೋರಿಸಲಿ. ಸಂಗ್ರಹಾಲಯಕ್ಕೆ ಬರೆಯುವ ಪತ್ರದ ಕರಡನ್ನು ನಾಲ್ಕು ಜನ ಕೂತರೆ ಒಂದು ಸಂಜೆಯಲ್ಲಿ ಮುಗಿಸಬಹುದು. ಅದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯೋಣ. ಲಾ ಕಾಲೇಜ್ ರಸ್ತೆಗೆ ಹೋಗಿ ಕೈಯಲ್ಲೇ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬರೋಣ.